ಹೊರಗಿನಿಂದ ಬಂದವರು ಅಮೆರಿಕದಲ್ಲಿ ಡಿಫೆನ್ಸ್ ವಕೀಲರಾಗಬಹುದಾ? ಕಾನೂನು ಪುಸ್ತಕ ಬರೆಯಬಹುದಾ?

ಭಾರತದಲ್ಲಿ ಎಲ್‌ಎಲ್‌ಬಿ ಮುಗಿಸಿ ನ್ಯೂಯಾರ್ಕ್‌ಗೆ ಬಂದಿದ್ದೀರಿ. ಇಲ್ಲಿ ಆರೋಪಿಗಳ ಪರ ವಾದಿಸುವ ವಕೀಲರಾಗಬಹುದಾ, ಮುಂದೆ ಕಾನೂನಿನ ಪುಸ್ತಕ ಬರೆಯಬಹುದಾ ಅಂತ ಕೇಳಿದ್ದೀರಿ. ಎರಡೂ ಆಗುತ್ತದೆ. ನಾನೂ ಅದೇ ದಾರಿಯಲ್ಲಿ ಬಂದವಳು.

ಸನ್ನದಿನ, ಅಂದರೆ ವಕೀಲಿಕೆಯ ಪರವಾನಗಿಯ, ವಿಷಯ ಮೊದಲು ಹೇಳಿಬಿಡುತ್ತೇನೆ. ಇಲ್ಲಿ ರಾಜ್ಯಕ್ಕೊಂದು ನಿಯಮ. ನ್ಯೂಯಾರ್ಕ್, ಕ್ಯಾಲಿಫೋರ್ನಿಯಾ ಎರಡೂ ಹೊರದೇಶದಲ್ಲಿ ಕಾನೂನು ಓದಿದವರಿಗೆ ಅವಕಾಶ ಕೊಡುತ್ತವೆ. ನ್ಯೂಯಾರ್ಕ್‌ನಲ್ಲಿ ಮೊದಲು ನಿಮ್ಮ ಪದವಿಯನ್ನು ಪರಿಶೀಲಿಸುತ್ತಾರೆ. ಅದು ಸಾಲದು ಅಂದರೆ ಇಲ್ಲಿನ ಲಾ ಸ್ಕೂಲಿನಲ್ಲಿ 24 ಕ್ರೆಡಿಟ್‌ಗಳ ಎಲ್‌ಎಲ್‌ಎಂ ಮಾಡಬೇಕು. ಆಮೇಲೆ ಎರಡು ದಿನದ ಬಾರ್ ಪರೀಕ್ಷೆ. ಈಗ 400ಕ್ಕೆ 266 ಬಂದರೆ ಪಾಸ್. ಜೊತೆಗೆ 50 ಗಂಟೆ ಉಚಿತ ಕಾನೂನು ಸೇವೆ. ಆ 50 ಗಂಟೆಯನ್ನು ಸುಮ್ನೆ ಕಳೆಯಬೇಡಿ, ಬಡ ಆರೋಪಿಗಳ ಪರ ಕೆಲಸ ಮಾಡುವ ಕಚೇರಿ ಹುಡುಕಿ. ಪೌರತ್ವ ಇಲ್ಲ ಅಂತ ಹೆದರುವುದೂ ಬೇಡ. ನಾಗರಿಕರಲ್ಲ ಅನ್ನುವ ಒಂದೇ ಕಾರಣಕ್ಕೆ ಸನ್ನದು ನಿರಾಕರಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 1973ರಲ್ಲೇ ಹೇಳಿದೆ. ಆ ಕೇಸು ಹಾಕಿದ ಗ್ರಿಫಿತ್ಸ್ ನೆದರ್ಲ್ಯಾಂಡ್ಸ್‌ನಿಂದ ಬಂದಿದ್ದ ಹೆಣ್ಣುಮಗಳು.

ನಮಗಿಂತ ಎಷ್ಟೋ ಮುಂಚೆ ಈ ದಾರಿ ತುಳಿದ ಒಬ್ಬರ ಹೆಸರು ಹೇಳಲೇಬೇಕು. ಸಖಾರಾಮ್ ಗಣೇಶ್ ಪಂಡಿತ್. ಭಾರತದಿಂದ ಹೋಗಿ 1914ರಲ್ಲಿ ಅಮೆರಿಕದ ಪೌರತ್ವ ಪಡೆದು, 1917ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ವಕೀಲರಾದರು. ಅಮೆರಿಕದ ಪೌರತ್ವಕ್ಕಾಗಿ ಸುಪ್ರೀಂ ಕೋರ್ಟಿನವರೆಗೂ ಹೋರಾಡಿದ ಭಾರತೀಯ ಭಗತ್ ಸಿಂಗ್ ಥಿಂಡ್ ಪರ ನಿಂತವರು ಇವರೇ. 1923ರಲ್ಲಿ ಆ ಕೇಸು ಸೋತಿತು. ಭಾರತೀಯರು ಪೌರತ್ವಕ್ಕೆ ಅರ್ಹರಲ್ಲ ಅಂತ ತೀರ್ಪಾಯಿತು. ಅದನ್ನೇ ಹಿಡಿದು ಸರ್ಕಾರ ಪಂಡಿತರ ಪೌರತ್ವ ಕಿತ್ತುಕೊಳ್ಳಲು ಬಂತು. ಈ ಪೌರತ್ವವನ್ನು ನಂಬಿಯೇ ನಾನು ಬದುಕು ಕಟ್ಟಿಕೊಂಡಿದ್ದೇನೆ, ಈಗ ಕಿತ್ತುಕೊಂಡರೆ ಸನ್ನದೂ ಹೋಗುತ್ತದೆ ಅಂತ ಅವರು ವಾದಿಸಿದರು, 1926ರಲ್ಲಿ ಮೇಲ್ಮನವಿ ಕೋರ್ಟಿನಲ್ಲಿ ಗೆದ್ದರು. ಕೆಲಸ ಬೇಸರ ಬಂದ ದಿನ ನಾನು ಅವರನ್ನು ನೆನೆಯುತ್ತೇನೆ.

ಈ ಕೆಲಸ ಏನು ಅಂತ ನನಗೆ ನಿಜವಾಗಿ ಗೊತ್ತಾಗಿದ್ದು ನನ್ನದೇ ಒಂದು ತಪ್ಪಿನಿಂದ. ಸನ್ನದು ಸಿಕ್ಕಿ ಎರಡನೇ ವರ್ಷ. ಇಪ್ಪತ್ತೆರಡರ ಹುಡುಗ, ಅಂಗಡಿಯಲ್ಲಿ ಕದ್ದ ಕೇಸು. ಹಿಂದೆಯೂ ಅಂಥದ್ದೇ ಒಂದಿತ್ತು. ಕೋರ್ಟ್ ಹಾಲಿನ ಹೊರಗೆ ಬೆಂಚಿನ ಮೇಲೆ ಕೂತು, ಫೈಲು ತೊಡೆಯ ಮೇಲಿಟ್ಟುಕೊಂಡು, "ನೀನು ಸಿಟಿಜನ್ ಅಲ್ವಾ?" ಅಂತ ಕೇಳಿದೆ. ಹೌದು ಅಂದ. ಮಾತು ಥೇಟ್ ಇಲ್ಲಿಯವರ ಹಾಗೇ ಇತ್ತು. ನಾನು ಮುಂದೆ ಕೇಳಲಿಲ್ಲ. ತಪ್ಪೊಪ್ಪಿಕೊಂಡ, ದಂಡ ಕಟ್ಟಿ ಮನೆಗೆ ಹೋದ. ಮರುವರ್ಷ ಅಜ್ಜಿಯ ಅಂತ್ಯಕ್ರಿಯೆ ಮುಗಿಸಿ ವಾಪಸ್ ಬರುವಾಗ ವಿಮಾನ ನಿಲ್ದಾಣದಲ್ಲಿ ಇಮಿಗ್ರೇಷನ್‌ನವರು ಹಿಡಿದರು, ಆ ಎರಡು ಕಳ್ಳತನದ ಕೇಸುಗಳ ಮೇಲೆ ಗಡಿಪಾರು ಮಾಡಲು. ಮೂರು ವರ್ಷದವನಿದ್ದಾಗ ಇಲ್ಲಿಗೆ ಬಂದವನು. ಗ್ರೀನ್ ಕಾರ್ಡ್ ಇದ್ದರೆ ಸಿಟಿಜನ್ ಅಂತಲೇ ತಿಳಿದಿದ್ದ. ಇನ್ನೊಬ್ಬ ವಕೀಲರು ಹೋರಾಡಿ ಕೊನೆಗೆ ಉಳಿಸಿಕೊಂಡರು. ಅಷ್ಟರಲ್ಲಿ ಏಳು ತಿಂಗಳು ಒಳಗಿದ್ದ. ಅವನ ತಾಯಿ ನನಗೆ ಫೋನ್ ಮಾಡಿ ಬೈಯಲಿಲ್ಲ. "ನಿಮಗೂ ಗೊತ್ತಿರಲಿಲ್ವಾ?" ಅಂತ ಮಾತ್ರ ಕೇಳಿದರು.

ಅಂದಿನಿಂದ ನನ್ನ ಪ್ರಶ್ನೆ ಬದಲಾಯಿತು: "ನೀನು ಹುಟ್ಟಿದ್ದು ಎಲ್ಲಿ?" ಪ್ರತಿಯೊಬ್ಬರಿಗೂ ಕೇಳುತ್ತೇನೆ, ಹೆಸರು, ಬಣ್ಣ, ಮಾತು ಏನೇ ಇರಲಿ. ಹೊರಗೆ ಹುಟ್ಟಿದ್ದರೆ ಅಪ್ಪ ಅಮ್ಮನಿಗೆ ಪೌರತ್ವ ಯಾವಾಗ ಸಿಕ್ಕಿತು ಅಂತಲೂ ಕೇಳುತ್ತೇನೆ. ಹದಿನೆಂಟು ತುಂಬುವ ಮುಂಚೆ ಸಿಕ್ಕಿದ್ದರೆ ಮಗನೂ ತನಗೆ ಗೊತ್ತಿಲ್ಲದೆ ನಾಗರಿಕನಾಗಿರಬಹುದು.

2010ರ ಪಡಿಲ್ಲಾ ಕೇಸನ್ನು ತಪ್ಪದೆ ಓದಿ. ಪಡಿಲ್ಲಾ ಹೊಂಡುರಾಸ್‌ನಲ್ಲಿ ಹುಟ್ಟಿದವರು, 40 ವರ್ಷದಿಂದ ಇಲ್ಲಿದ್ದರು, ವಿಯೆಟ್ನಾಂ ಯುದ್ಧಕ್ಕೂ ಹೋಗಿದ್ದರು. ಇಷ್ಟು ವರ್ಷ ಇದ್ದೀರಿ, ಚಿಂತೆ ಬೇಡ ಅಂತ ವಕೀಲರು ಹೇಳಿದ್ದನ್ನು ನಂಬಿ ಗಾಂಜಾ ಸಾಗಣೆಯ ಕೇಸಿನಲ್ಲಿ ತಪ್ಪೊಪ್ಪಿಕೊಂಡರು. ಗಡಿಪಾರಿನ ಅಪಾಯವನ್ನು ಕಕ್ಷಿದಾರನಿಗೆ ತಿಳಿಸುವುದು ಕ್ರಿಮಿನಲ್ ವಕೀಲರ ಕರ್ತವ್ಯ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು ಆ ಕೇಸಿನಲ್ಲಿ. ಯಾಕೆ ಇದು ಇಷ್ಟು ಮುಖ್ಯ ಅಂದರೆ, ಗಡಿಪಾರು ತೀರ್ಮಾನಿಸುವ ಇಮಿಗ್ರೇಷನ್ ಕೋರ್ಟಿನದು ಸಿವಿಲ್ ವ್ಯವಹಾರ. ಅಲ್ಲಿ ದುಡ್ಡಿಲ್ಲದವರಿಗೆ ಸರ್ಕಾರ ವಕೀಲರನ್ನು ಕೊಡಲೇಬೇಕೆಂಬ ನಿಯಮವಿಲ್ಲ. ತುಂಬಾ ಜನರಿಗೆ ಕ್ರಿಮಿನಲ್ ಕೋರ್ಟಿನಲ್ಲಿ ಸಿಗುವ ವಕೀಲರೇ ಮೊದಲು, ಅವರೇ ಕೊನೆ.

ಒಂದು ದಿನದ ಲೆಕ್ಕ ನೋಡಿ. 1996ರ ಕಾನೂನಿನ ಪ್ರಕಾರ ಕಳ್ಳತನದ ಕೇಸಿನಲ್ಲಿ ಒಂದು ವರ್ಷ ಶಿಕ್ಷೆ ಬಿದ್ದರೆ ಇಮಿಗ್ರೇಷನ್ ಲೆಕ್ಕದಲ್ಲಿ ಅದು ಗಡಿಪಾರಿಗೆ ದಾರಿಯಾಗುವ ಘೋರ ಅಪರಾಧಗಳ ಪಟ್ಟಿಗೆ ಸೇರುತ್ತದೆ. ರಾಜ್ಯದ ಕಾನೂನು ಅದನ್ನು ಸಣ್ಣ ಅಪರಾಧ ಅಂದರೂ ಅಷ್ಟೇ. 364 ದಿನ ಆದರೆ ಆ ಪಟ್ಟಿಗೆ ಸೇರುವುದಿಲ್ಲ. 2019ರಲ್ಲಿ ನ್ಯೂಯಾರ್ಕ್ ಸಣ್ಣ ಅಪರಾಧಗಳ ಗರಿಷ್ಠ ಶಿಕ್ಷೆಯನ್ನೇ 364 ದಿನಕ್ಕೆ ಇಳಿಸಿತು. ಅದಕ್ಕೂ ಮುಂಚೆ ಈ ಒಂದು ದಿನವನ್ನು ನಾವೇ ಕೇಳಿ ಪಡೆಯಬೇಕಿತ್ತು. ಒಮ್ಮೆ ಪ್ರಾಸಿಕ್ಯೂಟರ್ ಹತ್ತಿರ ಹೋಗಿ, "ಒಂದು ದಿನ ಕಡಿಮೆ ಮಾಡಿ, ಮೂರು ಮಕ್ಕಳಿದ್ದಾರೆ" ಅಂದೆ. ಅವರು ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ಹಾಳೆಯ ಮೇಲಿದ್ದ "1 ವರ್ಷ" ಹೊಡೆದುಹಾಕಿ "364" ಅಂತ ಬರೆದರು. ಅಷ್ಟೇ ಕೆಲಸ. ನನ್ನ ಕೈ ನಡುಗುತ್ತಿತ್ತು.

ಇಂಥವನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಎಡಪುಟದಲ್ಲಿ ನ್ಯೂಯಾರ್ಕಿನ ಸೆಕ್ಷನ್, ಬಲಪುಟದಲ್ಲಿ ಅದರಿಂದ ಗಡಿಪಾರು ಆಗುತ್ತದಾ, ಬದಲಿಗೆ ಯಾವ ಸೆಕ್ಷನ್ ಕೇಳಬಹುದು. ಸಹೋದ್ಯೋಗಿಗಳು ಜೆರಾಕ್ಸ್ ಮಾಡಿಸಿಕೊಂಡು ಹೋಗುತ್ತಿದ್ದರು. ಅದೇ ಆರು ವರ್ಷದಲ್ಲಿ ಪುಸ್ತಕವಾಯಿತು. ದುಡ್ಡು ಜಾಸ್ತಿ ಬರಲ್ಲ, ಅದನ್ನು ನೆಚ್ಚಿಕೊಳ್ಳಬೇಡಿ. ಹೊಸ ತೀರ್ಪು ಬಂದಾಗಲೆಲ್ಲ ತಿದ್ದಬೇಕು, ಒಂದು ಹಳೆಯ ಸಾಲು ಉಳಿದರೂ ಯಾರದೋ ಮನೆ ಮುರಿಯುತ್ತದೆ. ಇಂಗ್ಲಿಷ್ ಚೆಂದ ಇರಲೇಬೇಕು ಅಂತೇನಿಲ್ಲ. ಕೋರ್ಟಿನ ಕಾರಿಡಾರಿನಲ್ಲಿ ನಿಂತು, ಕಕ್ಷಿದಾರನ ಹೆಸರು ಕೂಗುವಷ್ಟರಲ್ಲಿ ಉತ್ತರ ಹುಡುಕುವ ವಕೀಲನಿಗೆ ಸಿಗುವ ಹಾಗೆ ಬರೆದರೆ ಸಾಕು.

ಬಾರ್ ಪರೀಕ್ಷೆ ಮುಗಿಯಲಿ ಅಂತ ಕಾಯಬೇಡಿ. ಕ್ರಿಮಿನಲ್ ಕೋರ್ಟಿನ ವಿಚಾರಣೆಗೆ ಯಾರು ಬೇಕಾದರೂ ಹೋಗಿ ಕೂರಬಹುದು. ಈ ವಾರವೇ ಒಂದು ಬೆಳಿಗ್ಗೆ ಹೋಗಿ, ಹಿಂದಿನ ಸಾಲಿನಲ್ಲಿ ಕೂತು ತಪ್ಪೊಪ್ಪಿಗೆಗಳನ್ನು ಕೇಳಿ. ಒಂದು ನೋಟ್‌ಬುಕ್ ಜೊತೆಗಿರಲಿ.