‘ಊರಾಗ ಹುಲಿ, ಹೊರಗ ಇಲಿ’ ಅನ್ನೋರಿಗೆ ಏನು ಹೇಳಲಿ?

ಪ್ರಶ್ನೆ: ಸರ್, ನನಗೆ 26 ವರ್ಷ, ಕಲಬುರಗಿ. ಸೇಡಂ ರಸ್ತೆಯ ಒಂದು ಪಾರ್ಲರ್‌ನಲ್ಲಿ ಕಾಲೇಜು ದಿನಗಳಿಂದ ನೈನ್ ಬಾಲ್ ಪೂಲ್ (ಕ್ಯೂ ಎಂಬ ಕೋಲಿನಿಂದ ಚೆಂಡು ಹೊಡೆದು ಟೇಬಲ್‌ನ ಪಾಕೆಟ್‌ಗೆ ಹಾಕುವ ಆಟ) ಆಡುತ್ತಿದ್ದೇನೆ. ಇಲ್ಲಿ ನನ್ನನ್ನು ಸೋಲಿಸುವವರು ಕಮ್ಮಿ. ಬೆಂಗಳೂರು, ಹೈದರಾಬಾದ್‌ನ ಓಪನ್ ಟೂರ್ನಿಗೆ ಹೋದರೆ ಮಾತ್ರ ಮೊದಲೆರಡು ಸುತ್ತಿನಲ್ಲೇ ವಾಪಸ್. ಊರಿಗೆ ಬಂದ ಕೂಡಲೇ ‘ಏನಪಾ, ಮತ್ತ ಸೋತು ಬಂದೇನು? ಊರಾಗ ಹುಲಿ, ಹೊರಗ ಇಲಿ’ ಅಂತ ಶುರು ಮಾಡುತ್ತಾರೆ. ಅಮೆರಿಕದ ಪೂಲ್ ಆಟಗಾರ ಶೇನ್ ವ್ಯಾನ್ ಬೋನಿಂಗ್‌ಗೂ ಇಂಥದ್ದೇ ಮಾತು ಕೇಳಬೇಕಾಗಿತ್ತಂತೆ. ನಿಜವಾಗಿಯೂ ಕೆಲವರಿಗೆ ದೊಡ್ಡ ಆಟದ ಗುಂಡಿಗೆ ಇರುವುದಿಲ್ಲವಾ? ಬಿಟ್ಟುಬಿಡಲಾ?

ಉತ್ತರ: ತಮ್ಮಾ, ಬಿಡುವ ಮಾತು ಆಮೇಲೆ. ಮೊದಲು ಶೇನ್ ವಿಷಯ ಪೂರ್ತಿ ಕೇಳು.

1983ರಲ್ಲಿ ಹುಟ್ಟಿದ ಈತನಿಗೆ ಹುಟ್ಟಿನಿಂದಲೂ ಕಿವಿ ಸರಿಯಾಗಿ ಕೇಳಿಸುವುದಿಲ್ಲ, ಶ್ರವಣ ಯಂತ್ರ ಹಾಕಿಕೊಳ್ಳುತ್ತಾನೆ. ಅಮೆರಿಕದ ಯುಎಸ್ ಓಪನ್ ನೈನ್ ಬಾಲ್ ಅನ್ನು 5 ಸಲ ಗೆದ್ದಿದ್ದಾನೆ: 2007, 2012, 2013, 2014, 2016. ಇಷ್ಟಾದರೂ ವರ್ಷಗಟ್ಟಲೆ ಒಂದೇ ದೂರು. ವಿಶ್ವ ಪ್ರಶಸ್ತಿ ಇಲ್ಲ, ಮತ್ತು ಯುರೋಪ್ ವಿರುದ್ಧದ ಮೊಸ್ಕೋನಿ ಕಪ್‌ನಲ್ಲಿ ಕೈಕೊಡುತ್ತಾನೆ ಅಂತ. ಆ ಕಪ್‌ನಲ್ಲಿ ಅಮೆರಿಕ 2010ರಿಂದ 2017ರವರೆಗೆ ಪ್ರತಿ ವರ್ಷ ಸೋತಿತು. ತಂಡದಲ್ಲಿ ಐದು ಜನ ಇದ್ದರೂ ಬೈಗುಳ ಜಾಸ್ತಿ ಬಿದ್ದಿದ್ದು ಇವನ ಮೇಲೆ, ಯಾಕಂದರೆ ಜಾಸ್ತಿ ನಿರೀಕ್ಷೆ ಇದ್ದಿದ್ದು ಇವನ ಮೇಲೆಯೇ. 2016ರ ವಿಶ್ವ ಚಾಂಪಿಯನ್‌ಷಿಪ್ ಫೈನಲ್‌ಗೆ ಹೋದ, ಆಸ್ಟ್ರಿಯಾದ ಆಲ್ಬಿನ್ ಔಶಾನ್ ಎದುರು ಸೋತ. ಆಗಂತೂ ‘ನೋಡಿದ್ರಾ, ನಾವು ಹೇಳಲಿಲ್ವಾ’ ಅನ್ನುವವರಿಗೆ ಹಬ್ಬ. 2022ರಲ್ಲಿ ಇಂಗ್ಲೆಂಡಿನ ಮಿಲ್ಟನ್ ಕೀನ್ಸ್‌ನಲ್ಲಿ ಅದೇ ಔಶಾನ್‌ನನ್ನು ಫೈನಲ್‌ನಲ್ಲಿ ಹೊಡೆದು ವಿಶ್ವ ಚಾಂಪಿಯನ್ ಆದ. ವಯಸ್ಸು 38. ಇಷ್ಟು ದಿನ ಇಲ್ಲದ ಗುಂಡಿಗೆ ಆ ವಾರ ಎಲ್ಲಿಂದ ಬಂತು? ಎಲ್ಲಿಂದಲೂ ಬರಲಿಲ್ಲ. ಮೊದಲೇ ಇತ್ತು, ಸರಿಯಾದ ವಾರ ಈಗ ಸಿಕ್ಕಿತು, ಅಷ್ಟೇ.

ಯಾಕೆ ಹೀಗೆ ಹೇಳುತ್ತಿದ್ದೇನೆ ಅಂದರೆ, ಈ ಆಟದ ಲೆಕ್ಕವೇ ಹಾಗಿದೆ. ಗೊತ್ತಿಲ್ಲದವರಿಗಾಗಿ ಒಂದು ಸಾಲು: ನೈನ್ ಬಾಲ್‌ನಲ್ಲಿ 1ರಿಂದ 9ರವರೆಗಿನ ಚೆಂಡುಗಳು, ಪ್ರತಿ ಸಲ ಬಿಳಿಯ ಕ್ಯೂ ಬಾಲ್ ಅನ್ನು ಟೇಬಲ್ ಮೇಲಿರುವ ಎಲ್ಲಕ್ಕಿಂತ ಸಣ್ಣ ನಂಬರಿನ ಚೆಂಡಿಗೇ ಮೊದಲು ತಾಗಿಸಬೇಕು, ಒಂಬತ್ತನ್ನು ನಿಯಮದ ಪ್ರಕಾರ ಪಾಕೆಟ್‌ಗೆ ಹಾಕಿದವನಿಗೆ ರ್ಯಾಕ್, ಅಂದರೆ ಆ ಒಂದು ಆಟ. ಈಗ ನೀನು ಎದುರಾಳಿಗಿಂತ ಚೆನ್ನಾಗಿ ಆಡುತ್ತೀ, 100 ರ್ಯಾಕ್‌ನಲ್ಲಿ 55 ಗೆಲ್ಲುತ್ತೀ ಅಂದುಕೊಳ್ಳೋಣ. ದೊಡ್ಡ ಆಟಗಾರರ ನಡುವೆ ಇದು ಸಣ್ಣ ಅಂತರ ಅಲ್ಲ. ಮೊಸ್ಕೋನಿ ಕಪ್ ಥರ ಮೊದಲು 5 ಗೆದ್ದವನಿಗೆ ಮ್ಯಾಚ್ ಅಂತಿದ್ದರೆ ನೀನು ಗೆಲ್ಲುವ ಸಾಧ್ಯತೆ 100ಕ್ಕೆ ಸುಮಾರು 62. ಅಂದರೆ ಚೆನ್ನಾಗಿ ಆಡುವವನೇ 38 ಸಲ ಸೋಲುತ್ತಾನೆ. ಮೊದಲು 13 ಅಂತ ಉದ್ದ ಮಾಡಿದರೂ 69ಕ್ಕೆ ಏರುತ್ತದೆ, ಅಷ್ಟೇ. ಇನ್ನು ಆ 5ರ ಆಟವನ್ನೇ ಐದು ಸುತ್ತು ಸತತ ಗೆಲ್ಲಬೇಕು ಅಂದರೆ 100ಕ್ಕೆ 9 ಸಲ ಮಾತ್ರ ಆಗುವ ಮಾತು. ಪ್ರತಿ ಸುತ್ತಿನಲ್ಲೂ ನೀನೇ ಮೇಲಿದ್ದರೂ! ಪಾರ್ಲರ್‌ನಲ್ಲಿ ಕೂತು ಇಲಿ, ಹುಲಿ ಅನ್ನುವವರಿಗೆ ಈ ಲೆಕ್ಕ ಹೇಳಿದರೆ ನಗುತ್ತಾರೆ, ಹೇಳಲು ಹೋಗಬೇಡ.

ಇನ್ನೊಂದು ಸಂಕಟ ಇದೆ, ಹೊರಗಿನವರಿಗೆ ಅದು ಕಾಣುವುದಿಲ್ಲ. ಟೆನಿಸ್‌ನಲ್ಲಿ ಎದುರಾಳಿ ಎಷ್ಟೇ ದೊಡ್ಡವನಾಗಲಿ, ಚೆಂಡು ನಿನ್ನ ಕಡೆಗೆ ಬಂದೇ ಬರುತ್ತದೆ. ಪೂಲ್‌ನಲ್ಲಿ ಹಾಗಿಲ್ಲ. ಅವನು ಬ್ರೇಕ್ ಮಾಡಿ (ಜೋಡಿಸಿಟ್ಟ ಚೆಂಡುಗಳನ್ನು ಚದುರಿಸುವ ಮೊದಲ ಹೊಡೆತ), ಒಂದರಿಂದ ಒಂಬತ್ತರ ತನಕ ಹಾಕುತ್ತಾ ಹೋದರೆ ನೀನು ಕುರ್ಚಿಯಲ್ಲಿ ಕೂತು ನೀರು ಕುಡಿಯಬೇಕು, ಅಷ್ಟೇ ಕೆಲಸ. ಗೆದ್ದವನೇ ಮತ್ತೆ ಬ್ರೇಕ್ ಮಾಡುವ ನಿಯಮ ಇದ್ದರೆ ಇನ್ನೂ ಕಷ್ಟ. ಹಾಗೆ ಕೂತು ಕೂತು, ಅರ್ಧ ಗಂಟೆ ಆದ ಮೇಲೆ ಎದ್ದು ಒಂದು ಉದ್ದದ ಶಾಟ್ ತಪ್ಪಿಸಿದರೆ ನೋಡುವವರು ಕೈ ನಡುಗಿತು ಅಂತಾರೆ. ಕೈ ನಡುಗಿರಲಿಕ್ಕಿಲ್ಲ ಮಾರಾಯ, ತಣ್ಣಗಾಗಿತ್ತು.

ಈಗ ನಿನಗೆ ಇಷ್ಟವಾಗದ ಮಾತು. ಲೆಕ್ಕ ಒಂದೆರಡು ಟೂರ್ನಿಯ ಸೋಲನ್ನು ವಿವರಿಸುತ್ತದೆ, ಪ್ರತಿ ಸಲದ್ದನ್ನು ಅಲ್ಲ. ಪ್ರತಿ ಸಲ ಎರಡನೇ ಸುತ್ತಿನಲ್ಲೇ ಬರುತ್ತಿದ್ದೀ ಅಂದರೆ ಆಟದಲ್ಲೇ ಏನೋ ಇದೆ. ನನ್ನ ಅನುಮಾನ ಎರಡು.

ನಮ್ಮ ಕಡೆ ಪಾರ್ಲರ್‌ಗಳಲ್ಲಿ ಚೆಂಡು ಒರೆಸುವುದೇ ಅಪರೂಪ. ಮೇಲೆ ಫ್ಯಾನು, ಬಾಗಿಲು ತೆರೆದೇ ಇರುತ್ತದೆ, ಬೇಸಿಗೆಯ ಧೂಳು, ಚಾಕ್ ಪುಡಿ ಎಲ್ಲಾ ಚೆಂಡಿನ ಮೇಲೆಯೇ. ಕೊಳೆಯಾದ ಚೆಂಡುಗಳು ಒಂದಕ್ಕೊಂದು ತಾಗಿದಾಗ ಉಜ್ಜುವಿಕೆ ಜಾಸ್ತಿ, ಹೊಡೆಸಿಕೊಂಡ ಚೆಂಡು ನೀನು ಅಂದುಕೊಂಡಿದ್ದಕ್ಕಿಂತ ಸ್ವಲ್ಪ ಥಿಕ್ ಆಗಿ, ಅಂದರೆ ಕಮ್ಮಿ ಓರೆಯಾಗಿ, ಹೋಗುತ್ತದೆ. ವರ್ಷಗಟ್ಟಲೆ ಇದರ ಮೇಲೆ ಆಡಿದ ನಿನ್ನ ಕಣ್ಣು ತನಗೇ ತಿಳಿಯದೆ ಥಿನ್ ಗುರಿ, ಅಂದರೆ ಚೆಂಡಿನ ಅಂಚಿನ ಕಡೆ ತಾಗುವ ಗುರಿ, ಹಿಡಿಯುವುದನ್ನು ಕಲಿತಿದೆ. ಬೆಂಗಳೂರಿನ ಎಸಿ ಹಾಲ್‌ನಲ್ಲಿ, ಪಾಲಿಶ್ ಮಾಡಿದ ಚೆಂಡು, ನಯವಾದ ಫಾಸ್ಟ್ ಬಟ್ಟೆ. ಅಲ್ಲಿ ಅದೇ ಕಟ್ ಶಾಟ್ (ಓರೆಯ ಹೊಡೆತ) ಹೊಡೆದರೆ ಚೆಂಡು ತೀರಾ ಥಿನ್ ಆಗಿ ಪಾಕೆಟ್‌ನ ಇನ್ನೊಂದು ಬದಿಗೆ ಬಡಿಯುತ್ತದೆ, ಕ್ಯೂ ಬಾಲ್ ಬೇರೆ ಒಂದು ಅಡಿ ಜಾಸ್ತಿ ಓಡುತ್ತದೆ. ರಾತ್ರಿ ರೈಲು ಹತ್ತಿ, ನಿದ್ದೆಯಿಲ್ಲದೆ ಇಳಿದು, ಸ್ಟೇಷನ್‌ನಲ್ಲೇ ಮುಖ ತೊಳೆದು ನೇರ ಹಾಲ್‌ಗೆ ಹೋಗುವವನಿಗೆ ಇದನ್ನು ಸರಿಮಾಡಿಕೊಳ್ಳಲು ಟೈಮೇ ಇರುವುದಿಲ್ಲ, ಎರಡು ಸುತ್ತು ಅಷ್ಟರಲ್ಲಿ ಮುಗಿದಿರುತ್ತದೆ. ಹಿಂದಿನ ದಿನವೇ ಹೋಗು. ಒಂದು ಗಂಟೆ ಅಲ್ಲಿನ ಟೇಬಲ್ ಬಾಡಿಗೆ ಹಿಡಿದು ಕಟ್ ಶಾಟ್ ಮತ್ತು ಬ್ರೇಕ್ ಎರಡನ್ನೇ ಹೊಡಿ. ಊರಿನಲ್ಲಿ ಆಡುವಾಗ ಒದ್ದೆ ಬಟ್ಟೆಯಲ್ಲಿ ಒರೆಸಿ, ಮತ್ತೆ ಒಣ ಬಟ್ಟೆಯಲ್ಲಿ ಒರೆಸಿಕೊಂಡೇ ಶುರು ಮಾಡು. ಮಾಲೀಕ ಬೇಡ ಅನ್ನುವುದಿಲ್ಲ, ಅವನಿಗೇ ಪುಕ್ಕಟೆ ಕೆಲಸ.

ಎರಡನೆಯದು ಸೇಫ್ಟಿ, ಅಂದರೆ ಎದುರಾಳಿಗೆ ಸುಲಭದ ಹೊಡೆತ ಸಿಗದಂತೆ ಆಡುವುದು. ನಮ್ಮಲ್ಲಿ ಪಾಟ್ ಹೊಡೆದವನೇ, ಚೆಂಡು ಪಾಕೆಟ್‌ಗೆ ಹಾಕಿದವನೇ ಹೀರೋ. ಚೆಂಡು ಮರೆಮಾಡಿ ಆಡಿದರೆ ‘ಹೆದರ್ಯಾನ’ ಅಂತ ನಗುತ್ತಾರೆ. ಸೋತವನು ಟೇಬಲ್ ಬಾಡಿಗೆ ಕೊಡುವ ಆಟದಲ್ಲಿ ಎಲ್ಲರಿಗೂ ಬೇಗ ಮುಗಿಸುವ ಅವಸರ ಬೇರೆ. ಅಲ್ಲಿ ದೊಡ್ಡ ಟೂರ್ನಿಯಲ್ಲಿ ಎಷ್ಟೋ ರ್ಯಾಕ್‌ಗಳು ಸೇಫ್ಟಿ ಮೇಲೆಯೇ ತೀರ್ಮಾನ ಆಗುತ್ತವೆ. ಬ್ರೇಕ್ ಆದ ಮೇಲೆ ಪುಶ್ ಔಟ್ (ಯಾವ ಚೆಂಡಿಗೂ ತಾಗಿಸಲೇಬೇಕು ಅಂತಿಲ್ಲದ ಹೊಡೆತ) ಎಲ್ಲಿಗೆ ಆಡಬೇಕು, ಕುಶನ್‌ಗೆ ಹೊಡೆದು ಮರೆಯ ಚೆಂಡನ್ನು ಹೇಗೆ ತಾಗಿಸಬೇಕು, ಇದನ್ನು ಯಾರೂ ನಿನಗೆ ಇಲ್ಲಿ ಕೇಳಿಯೇ ಇಲ್ಲ. ಹಾಗಾಗಿ ನೀನು ಕಲಿತೂ ಇರುವುದಿಲ್ಲ.

ಒಂದು ನೋಟ್‌ಬುಕ್ ಇಡು. ಸೋತ ಪ್ರತಿ ರ್ಯಾಕ್‌ನ ಎದುರು ಕಾರಣ ಬರೆ: ಬ್ರೇಕ್‌ನಲ್ಲಿ ಏನೂ ಬೀಳಲಿಲ್ಲ, ಪಾಟ್ ತಪ್ಪಿತು, ಪೊಸಿಷನ್ ಕೆಟ್ಟಿತು, ಸೇಫ್ಟಿಯಲ್ಲಿ ಸೋತೆ, ಅಥವಾ ಅವಕಾಶವೇ ಸಿಗಲಿಲ್ಲ. ಕೊನೆಯ ಕಾರಣಕ್ಕೆ ಸೋತದ್ದನ್ನು ಅಲ್ಲೇ ಮರೆತುಬಿಡು. ಮೂರ್ನಾಲ್ಕು ಟೂರ್ನಿ ಆದ ಮೇಲೆ ಯಾವುದು ಜಾಸ್ತಿ ಅಂತ ಕಾಣುತ್ತದೆ. ಟೀಕೆ ಮಾಡುವವರನ್ನೂ ಇದೇ ತಕ್ಕಡಿಯಲ್ಲಿ ತೂಗು. ‘ಆರನೇ ಚೆಂಡಿಗೆ ಸೇಫ್ಟಿ ಆಡಬೇಕಿತ್ತು’ ಅಂದವನಿಗೆ ಚಹಾ ಕುಡಿಸು, ಅವನು ಆಟ ನೋಡಿದ್ದಾನೆ. ‘ನಿನಗ ಗುಂಡಿಗಿ ಇಲ್ಲ’ ಅಂದವನು ನೋಡಿದ್ದು ಸ್ಕೋರ್ ಮಾತ್ರ. ಬಿಡುವುದೋ ಬೇಡವೋ ಅನ್ನುವುದನ್ನು ಆ ನೋಟ್‌ಬುಕ್ ತುಂಬಿದ ಮೇಲೆ ಕೇಳು.

ಪ್ರಶ್ನೆ: ಅಮೆರಿಕದ ಪೂಲ್ ಆಟಗಾರ ಅರ್ಲ್ ಸ್ಟ್ರಿಕ್‌ಲ್ಯಾಂಡ್ ಆಟದ ಮಧ್ಯೆ ಪ್ರೇಕ್ಷಕರ ಮೇಲೆ ಕೂಗಾಡುತ್ತಾನೆ, ಎದುರಾಳಿಗೆ ಬೈಯುತ್ತಾನೆ. ಇಂಥವನನ್ನು ದೊಡ್ಡ ಆಟಗಾರ ಅಂತ ಯಾಕೆ ಹೊಗಳುತ್ತೀರಿ? (ಹುಮನಾಬಾದ್‌ನ ಓದುಗರು)

ಉತ್ತರ: ಆಟ ದೊಡ್ಡದು, ಅದಕ್ಕೇ ಹೊಗಳುವುದು. ನಡತೆಯನ್ನು ಯಾರೂ ಹೊಗಳಿಲ್ಲ. 1990, 1991, 2002ರಲ್ಲಿ ವಿಶ್ವ ನೈನ್ ಬಾಲ್ ಗೆದ್ದ ಮನುಷ್ಯ. ಸದ್ದು ತಡೆಯಲು ಕಿವಿ ಮುಚ್ಚಿಕೊಂಡು ಆಡಿದ್ದೂ ಉಂಟು, ಕೈಗೆ ಭಾರ ಕಟ್ಟಿಕೊಂಡು ಆಡಿದ್ದೂ ಉಂಟು. ಸಿಟ್ಟಿಗೆ ಸ್ವಲ್ಪ ಕಾರಣವೂ ಇದೆ ಅನ್ನಿ. 1996ರಲ್ಲಿ ಡಲ್ಲಾಸ್‌ನಲ್ಲಿ ಸತತ 10 ರ್ಯಾಕ್ ಮುಗಿಸಿದರೆ 10 ಲಕ್ಷ ಡಾಲರ್ ಅಂತ ಬಹುಮಾನ ಇಟ್ಟಿದ್ದರು. ಈತ ಮುಗಿಸಿಯೇ ಬಿಟ್ಟ. ವಿಮಾ ಕಂಪನಿ ತಕರಾರು ತೆಗೆಯಿತು, ಜಗಳ ರಾಜಿಯಲ್ಲಿ ಮುಗಿಯಿತು. ಹಾಗಂತ ನಮ್ಮ ಹುಡುಗರು ಕ್ಯೂ ಎಸೆಯುವುದನ್ನು ಕಲಿಯಬೇಕಿಲ್ಲ. ಮೊದಲು ಆ ಥರ ಬ್ರೇಕ್ ಹೊಡೆಯಲು ಕಲಿಯಲಿ.

ಪ್ರಶ್ನೆ: ಬೀದರ್‌ನಲ್ಲಿ ನನ್ನದು ಕಿರಾಣಿ ಅಂಗಡಿ. ಮಗ ಬಿ.ಕಾಂ. ಎರಡನೇ ವರ್ಷ. ಕಾಲೇಜು ಬಿಟ್ಟು ಪ್ರೊಫೆಷನಲ್ ಪೂಲ್ ಆಟಗಾರ ಆಗುತ್ತೇನೆ, ಕೋಟಿಗಟ್ಟಲೆ ಬಹುಮಾನ ಇದೆ ಅಂತ ಹಟ ಹಿಡಿದಿದ್ದಾನೆ. ನಿಜಾನಾ?

ಉತ್ತರ: ಸಾಹೇಬ್ರೇ, ಬಹುಮಾನ ನಿಜ. ಸೌದಿಯ ಜೆಡ್ಡಾದಲ್ಲಿ 2024ರಲ್ಲಿ ನಡೆದ ವಿಶ್ವ ಪೂಲ್ ಚಾಂಪಿಯನ್‌ಷಿಪ್‌ನ ಒಟ್ಟು ಬಹುಮಾನ 10 ಲಕ್ಷ ಡಾಲರ್, ಗೆದ್ದ ಫೆಡೋರ್ ಗೋರ್ಸ್ಟ್‌ಗೆ 2.5 ಲಕ್ಷ ಡಾಲರ್, ನಮ್ಮ ಲೆಕ್ಕದಲ್ಲಿ 2 ಕೋಟಿ ದಾಟುತ್ತದೆ. ಮಗ ಹೇಳದೇ ಬಿಟ್ಟಿದ್ದು ಏನೆಂದರೆ ಅಲ್ಲಿ ಆಡುವವರು 128 ಜನ, ಮೊದಲ ಸುತ್ತುಗಳಲ್ಲಿ ಹೊರಬಿದ್ದವರಿಗೆ ವಿಮಾನದ ಖರ್ಚು ಹುಟ್ಟುವುದೂ ಕಷ್ಟ. ಸಂಬಳ ಇಲ್ಲ. ಎಂಟ್ರಿ ಫೀ, ಹೋಟೆಲ್, ವೀಸಾ ಎಲ್ಲಾ ಕೈಯಿಂದಲೇ. ಸ್ನೂಕರ್‌ನ ವಿಶ್ವ ಚಾಂಪಿಯನ್‌ಗೆ 5 ಲಕ್ಷ ಪೌಂಡ್ ಸಿಗುತ್ತದೆ, ಅಂದರೆ ದುಪ್ಪಟ್ಟಿಗೂ ಜಾಸ್ತಿ. ಹಾಗಾಗಿ ಪೂಲ್‌ನ ಅಗ್ರ ಆಟಗಾರರೂ ಹಣದ ವಿಷಯ ಬಂದರೆ ಗೊಣಗುತ್ತಾರೆ, ಅದರಲ್ಲಿ ತಪ್ಪೇನಿಲ್ಲ.

ದೊಡ್ಡ ಮಾತು ಹೇಳಿ ಕೈಬಿಟ್ಟವರ ಕಥೆಯೂ ಇದೆ. ಐಪಿಟಿ (ಇಂಟರ್‌ನ್ಯಾಷನಲ್ ಪೂಲ್ ಟೂರ್) ಅಂತ ಒಂದು ಟೂರ್ ಬಂತು. 2006ರಲ್ಲಿ ಅಮೆರಿಕದ ರೀನೋದಲ್ಲಿ ಫಿಲಿಪೀನ್ಸ್‌ನ ಎಫ್ರೆನ್ ರೇಯಸ್ 5 ಲಕ್ಷ ಡಾಲರ್ ಗೆದ್ದ, ಅಲ್ಲಿಯವರೆಗೆ ಪೂಲ್ ಜಗತ್ತು ಅಷ್ಟು ದುಡ್ಡು ನೋಡಿರಲಿಲ್ಲ. ಆಮೇಲೆ ನೋಡಿದರೆ ಆಟಗಾರರಿಗೆ ಕೊಡಲು ಟೂರ್ ಹತ್ತಿರ ದುಡ್ಡೇ ಇಲ್ಲ, ಕಂತು ಕಂತಾಗಿ ಕೊಡುತ್ತೇವೆ ಅಂದರು, ಟೂರ್ ಮುಳುಗಿತು. ಇತ್ತೀಚಿನ ವರ್ಷಗಳಲ್ಲಿ ಟೂರ್ನಿ ನಡೆಸುವ ಮ್ಯಾಚ್‌ರೂಮ್ ಕಂಪನಿಗೂ ವಿಶ್ವ ಪೂಲ್ ಸಂಸ್ಥೆ ಡಬ್ಲ್ಯುಪಿಎಗೂ ಹಗ್ಗಜಗ್ಗಾಟ. ಅಲ್ಲಿ ಆಡಿದರೆ ಇಲ್ಲಿ ನಿಷೇಧ ಅನ್ನುವ ಬೆದರಿಕೆ. ನಡುವೆ ಸಿಕ್ಕಿಬಿದ್ದವರು ಆಟಗಾರರೇ.

ನಮ್ಮ ದೇಶದಲ್ಲಿ ದಾರಿ ಇನ್ನೂ ಕಿರಿದು. ಕ್ಯೂ ಆಟಗಳು ಒಲಿಂಪಿಕ್ಸ್‌ನಲ್ಲಿ ಇಲ್ಲ. ಏಷ್ಯನ್ ಗೇಮ್ಸ್‌ನಲ್ಲಿ 1998ರಿಂದ 2010ರವರೆಗೆ ಇದ್ದು, ಆಮೇಲೆ ಹೋದವು. ಪಂಕಜ್ ಅಡ್ವಾಣಿಯಂಥವರು, ಬೆಂಗಳೂರಿನಲ್ಲಿ ಬೆಳೆದು, ಬಿಲಿಯರ್ಡ್ಸ್ ಮತ್ತು ಸ್ನೂಕರ್‌ನಲ್ಲಿ 25ಕ್ಕೂ ಹೆಚ್ಚು ವಿಶ್ವ ಪ್ರಶಸ್ತಿ ಗೆದ್ದವರು, ಅವರಿಗೂ ಆಸರೆಯಾಗಿದ್ದು ಒಎನ್‌ಜಿಸಿ ನೌಕರಿ. 2012ರಲ್ಲಿ ಅವರು ಪ್ರೊಫೆಷನಲ್ ಸ್ನೂಕರ್ ಟೂರ್‌ಗೆ ಹೋದರು, 2014ರಲ್ಲಿ ಬಿಟ್ಟು ಬಂದರು. ಅವರೇ ಲೆಕ್ಕ ಹಾಕಿ ನಡೆದಿರುವಾಗ ನಿಮ್ಮ ಮಗ ಬಿ.ಕಾಂ. ಮುಗಿಸುವುದರಲ್ಲಿ ಏನೂ ಕಳೆದುಕೊಳ್ಳುವುದಿಲ್ಲ. ಪದವಿ ಇಲ್ಲದೆ ಸ್ಪೋರ್ಟ್ಸ್ ಕೋಟಾದ ಒಳ್ಳೆ ಕೆಲಸವೂ ಕಷ್ಟ. ಸಂಜೆ ಎರಡು ಗಂಟೆ ಆಡಲಿ, ಬೈಯಬೇಡಿ. ಪಕ್ಕದಲ್ಲೇ ಹೈದರಾಬಾದ್ ಇದೆ, ತಿಂಗಳಿಗೊಮ್ಮೆ ಅಲ್ಲಿ ಗಟ್ಟಿ ಆಟಗಾರರ ಜೊತೆ ಆಡಿ ಬರಲಿ. ರಾಜ್ಯ ಮಟ್ಟದಲ್ಲಿ ಮೊದಲ ಎಂಟರೊಳಗೆ ಬಂದ ದಿನ ಇದೇ ಪ್ರಶ್ನೆ ಮತ್ತೆ ಕಳಿಸಿ. ಇನ್ನೊಂದು, ಬಾಜಿ ಕಟ್ಟಿ ಆಡುತ್ತಿದ್ದಾನಾ ಅಂತ ಒಮ್ಮೆ ಸುಮ್ನೆ ವಿಚಾರಿಸಿ. ಕೋಟಿಯ ಮಾತು ಶುರುವಾಗುವುದು ಬಹಳ ಸಲ ಅಲ್ಲಿಂದಲೇ.

ಪ್ರಶ್ನೆ: ನಾನು ಯಾದಗಿರಿಯ ವಿದ್ಯಾರ್ಥಿನಿ. ಅಣ್ಣನ ಜೊತೆ ಪೂಲ್ ಆಡಲು ಹೋಗುತ್ತೇನೆ. ಹಾಲ್‌ನಲ್ಲಿ ನಾನೊಬ್ಬಳೇ ಹುಡುಗಿ. ಶಾಟ್ ತಪ್ಪಿದರೆ ‘ಮನಿಗೆ ಹೋಗಿ ರೊಟ್ಟಿ ಬಡಿ’ ಅಂತಾರೆ, ಬಿದ್ದರೆ ‘ಲಕ್’ ಅಂತಾರೆ. ಮುಂದುವರಿಸಲಾ?

ಉತ್ತರ: ಮುಂದುವರಿಸು ತಂಗೀ. ರೊಟ್ಟಿ ಬಡಿಯಲು ಬರುವ ಕೈ ಕ್ಯೂ ಹಿಡಿಯಲೂ ಬರುತ್ತದೆ, ಅವರಿಗೆ ಎರಡೂ ಬರಲಿಕ್ಕಿಲ್ಲ. ನಮ್ಮ ರಾಜ್ಯದ ಉಮಾದೇವಿ ನಾಗರಾಜ್ ಸರ್ಕಾರಿ ನೌಕರಿ ಮಾಡುತ್ತಲೇ ಆಡಿ 2012ರಲ್ಲಿ ವಿಶ್ವ ಮಹಿಳಾ ಬಿಲಿಯರ್ಡ್ಸ್ ಗೆದ್ದರು. ಬೆಂಗಳೂರಿನ ಚಿತ್ರಾ ಮಗಿಮೈರಾಜ್ ಕೂಡ ವಿಶ್ವ ಚಾಂಪಿಯನ್. ಇಂಗ್ಲೆಂಡಿನ ಆಲಿಸನ್ ಫಿಶರ್ ಸ್ನೂಕರ್‌ನಲ್ಲಿ ಹಲವು ಸಲ ವಿಶ್ವ ಚಾಂಪಿಯನ್ ಆದರೂ ಅಲ್ಲಿ ಹೆಂಗಸರಿಗೆ ದುಡ್ಡಿಲ್ಲ ಅಂತ 1995ರಲ್ಲಿ ಅಮೆರಿಕಕ್ಕೆ ಹೋಗಿ ಪೂಲ್ ಹಿಡಿದರು, ಮಹಿಳೆಯರ ವಿಶ್ವ ನೈನ್ ಬಾಲ್ 4 ಸಲ ಗೆದ್ದರು.

ಆದರೆ ದಿನಾ ಚುಚ್ಚುಮಾತು ಕೇಳುತ್ತಾ ಕಲಿಯಬೇಕು ಅಂತ ಏನಿಲ್ಲ. ಬೆಳಗ್ಗೆ ಪಾರ್ಲರ್ ತೆರೆದ ಮೊದಲ ಗಂಟೆ ಹೆಚ್ಚಾಗಿ ಖಾಲಿ ಇರುತ್ತದೆ, ಆ ಹೊತ್ತಿಗೆ ಟೇಬಲ್ ಕಮ್ಮಿ ಬಾಡಿಗೆಗೂ ಸಿಗಬಹುದು. ಅಣ್ಣನೇ ಹೋಗಿ ಮಾಲೀಕನ ಹತ್ತಿರ ಮಾತಾಡಲಿ. ಟೇಬಲ್ ಸಿಗದ ದಿನ ಮನೆಯ ಟೇಬಲ್ ಮೇಲೆ ಒಂದು ಖಾಲಿ ಪ್ಲಾಸ್ಟಿಕ್ ಬಾಟಲಿ ಅಡ್ಡ ಮಲಗಿಸು. ಕ್ಯೂ ತುದಿಯನ್ನು ಅದರ ಬಾಯೊಳಗೆ ತೂರಿಸಿ, ಅಂಚಿಗೆ ತಾಗದಂತೆ ಹಿಂದೆ ಮುಂದೆ ಆಡಿಸು. ಮೊದಮೊದಲು ಬಾಟಲಿ ಉರುಳುತ್ತದೆ, ಉರುಳಲಿ. ಹದಿನೈದು ನಿಮಿಷ ಸಾಕು, ಮೊಣಕೈ ಮೇಲಿನ ಭಾಗ ಅಲುಗದ ಹಾಗೆ ನೋಡಿಕೊ. ಬಾಟಲಿಗೆ ತಾಗದೆ ಹತ್ತು ಸಲ ಆದ ಮೇಲೆ ಇನ್ನೂ ಸಣ್ಣ ಬಾಯಿಯ ಬಾಟಲಿ ಹುಡುಕು.