ಸ್ಟೀಫನ್ ಕಿಂಗ್ ಬರೆದ ಪ್ರೇಮಕಥೆ ಓದಬಹುದಾ?

ಕಿಂಗ್ ಅವರ ಹಾರರ್ ಕಾದಂಬರಿಗಳು ಇಷ್ಟ, ಪ್ರೀತಿ ಬಗ್ಗೆ ಬರೆದದ್ದೂ ಇದೆಯಂತೆ, ಓದಬಹುದಾ ಅಂತ ಕೇಳಿದ್ದೀರಿ. ಧಾರಾಳವಾಗಿ ಓದಿ. ಆದರೆ ಅವರ ಕೈ ಪಳಗಿರೋದು ಹೊಸ ಪ್ರೀತಿಯಲ್ಲಲ್ಲ, ಹಳೆಯ ದಾಂಪತ್ಯದಲ್ಲಿ.

ನಾನು ಹೇಳೋದು 'ಲಿಸೀಸ್ ಸ್ಟೋರಿ' ಬಗ್ಗೆ. 2006ರಲ್ಲಿ ಬಂತು. ಅದು ಹುಟ್ಟಿದ್ದೇ ಒಂದು ಕಥೆ. 1999ರ ಜೂನ್‌ನಲ್ಲಿ, ಅಮೆರಿಕದ ಮೇನ್ ರಾಜ್ಯದಲ್ಲಿ, ರಸ್ತೆ ಬದಿ ನಡೆದು ಹೋಗುತ್ತಿದ್ದ ಕಿಂಗ್‌ಗೆ ವ್ಯಾನ್ ಗುದ್ದಿತು. ಕಾಲು, ಸೊಂಟ, ಪಕ್ಕೆಲುಬು ಎಲ್ಲ ಮುರಿದು, ಶ್ವಾಸಕೋಶಕ್ಕೂ ಪೆಟ್ಟಾಯಿತು. 2003ರ ಕೊನೆಗೆ ನ್ಯುಮೋನಿಯಾ ಬಂದು ಮತ್ತೆ ಆಸ್ಪತ್ರೆ ಸೇರಿದರು. ಆ ಸಮಯದಲ್ಲಿ ಹೆಂಡತಿ ಟ್ಯಾಬಿತಾ, ಕಿಂಗ್ ಬರೆಯುವ ಕೋಣೆಯನ್ನು ಹೊಸದಾಗಿ ಮಾಡಿಸಲು ಹೊರಟಿದ್ದರು. 'ಈಗ ಒಳಗೆ ಹೋಗಬೇಡಿ' ಅಂದರೂ ಮನೆಗೆ ಮರಳಿದ ಕಿಂಗ್ ಹೋಗಿ ನೋಡಿದರು. ಸಾಮಾನು ಖಾಲಿ, ಪುಸ್ತಕಗಳೆಲ್ಲ ಡಬ್ಬಗಳಲ್ಲಿ. ನಾನು ಸತ್ತ ಮೇಲೆ ಈ ಕೋಣೆ ಹೀಗೇ ಇರುತ್ತೆ ಅಲ್ವಾ, ಅನ್ನಿಸಿತಂತೆ.

ಕಾದಂಬರಿ ಶುರುವಾಗೋದೂ ಅಂಥ ಕೋಣೆಯಲ್ಲೇ. ಹೆಸರುವಾಸಿ ಲೇಖಕ ಸ್ಕಾಟ್ ಲ್ಯಾಂಡನ್ ಸತ್ತು ಎರಡು ವರ್ಷವಾಗಿದೆ. ಅವನ ಹೆಂಡತಿ ಲಿಸಿ ಈಗ ಆ ಕೋಣೆ ಖಾಲಿ ಮಾಡಲು ಕೂತಿದ್ದಾಳೆ. ಹಳೆಯ ಪತ್ರಿಕೆ, ಫೋಟೋ ಕೈಗೆ ಸಿಕ್ಕ ಹಾಗೆ ನೆನಪುಗಳು ಬರುತ್ತವೆ. ಒಂದು ಸಮಾರಂಭದಲ್ಲಿ ಹುಚ್ಚನೊಬ್ಬ ಸ್ಕಾಟ್‌ಗೆ ಗುಂಡು ಹೊಡೆಯುತ್ತಾನೆ. ಕಟ್ಟಡದ ಭೂಮಿಪೂಜೆಗೆ ಅಂತ ತಂದಿದ್ದ ಬೆಳ್ಳಿ ಸಲಿಕೆ ಎತ್ತಿ ಅವನಿಗೆ ಬಾರಿಸೋದು ಲಿಸಿ. ಮಾರನೇ ದಿನ ಪೇಪರಿನವರು ಶಹಬ್ಬಾಸ್ ಅನ್ನೋದು ಮಾತ್ರ ಪಕ್ಕದಲ್ಲಿದ್ದ ಬೇರೊಬ್ಬನಿಗೆ! ದೊಡ್ಡ ಮನುಷ್ಯನ ಹೆಂಡತಿಯಾಗಿ ಬಾಳೋದು ಅಂದ್ರೆ ಏನು ಅಂತ ಇದೊಂದು ಪ್ರಸಂಗದಲ್ಲೇ ಗೊತ್ತಾಗುತ್ತೆ. ಪುಸ್ತಕವನ್ನು ಅರ್ಪಿಸಿರೋದು ಟ್ಯಾಬಿತಾಗೆ. ಮೊದಲ ಕಾದಂಬರಿ 'ಕ್ಯಾರಿ'ಯ ಹಾಳೆಗಳನ್ನು ಕಿಂಗ್ ಕಸದ ಬುಟ್ಟಿಗೆ ಹಾಕಿದ್ದಾಗ ಎತ್ತಿ ತಂದು 'ಮುಂದುವರಿಸಿ' ಅಂದವರೂ ಅವರೇ.

ಹಾಗಂತ ಇದರಲ್ಲಿ ಹೆದರಿಕೆ ಇಲ್ಲ ಅಂತಲ್ಲ. ಇದೆ, ಚೆನ್ನಾಗಿಯೇ ಇದೆ. ನನ್ನ ಪ್ರಕಾರ ಕಿಂಗ್ ಯಾವತ್ತೂ ದಾರಿ ಬದಲಿಸಲೇ ಇಲ್ಲ, ಅವರ ಭಯದ ಹಿಂದೆ ಮೊದಲಿನಿಂದಲೂ ಪ್ರೀತಿ ಇದೆ. 1983ರ 'ಪೆಟ್ ಸೆಮೆಟರಿ' ನೋಡಿ. ಸತ್ತ ಪುಟ್ಟ ಮಗನನ್ನು ಅಪ್ಪ, ಹೂತವರು ಮತ್ತೆ ಎದ್ದು ಬರುವ ಒಂದು ಕೆಟ್ಟ ಜಾಗಕ್ಕೆ ಹೊತ್ತುಕೊಂಡು ಹೋಗ್ತಾನೆ. ಮುಂದೆ ಏನಾಗಬಹುದು ಅಂತ ಅವನಿಗೆ ಗೊತ್ತು, ಆದರೂ ಬಿಟ್ಟಿರಲು ಆಗಲ್ಲ. ಅವನಿಗೆ ಮಗನ ಮೇಲೆ ಅಷ್ಟು ಪ್ರೀತಿ ಇಲ್ಲದಿದ್ದರೆ ಅಲ್ಲಿ ನಮಗೆ ಭಯವೂ ಆಗ್ತಿರಲಿಲ್ಲ. 1998ರ 'ಬ್ಯಾಗ್ ಆಫ್ ಬೋನ್ಸ್'ನಲ್ಲೂ ಹೆಂಡತಿ ಸತ್ತ ಮೇಲೆ ಒಂದು ಸಾಲೂ ಬರೆಯಲಾಗದ ಲೇಖಕನೇ ನಾಯಕ.

ಒಂದು ಎಚ್ಚರಿಕೆ. 'ಲಿಸೀಸ್ ಸ್ಟೋರಿ' ನಿಧಾನ. ಗಂಡ ಹೆಂಡತಿ ತಮ್ಮಲ್ಲೇ ಕಟ್ಟಿಕೊಂಡ ಮಾತುಗಳು ಪುಟಪುಟಕ್ಕೂ ಬರುತ್ತವೆ. ಮೊದಮೊದಲು ಸಿಕ್ಕಾಪಟ್ಟೆ ಕಿರಿಕಿರಿ. ಆಮೇಲೆ, ಅವರ ಮನೆಯಲ್ಲಿ ನಾಲ್ಕು ದಿನ ಉಳಿದ ನೆಂಟರಂತೆ, ಒಂದೊಂದಾಗಿ ಅರ್ಥವಾಗುತ್ತವೆ. ಅಷ್ಟು ತಾಳ್ಮೆ ಇಲ್ಲ ಅಂದ್ರೆ 2011ರ '11/22/63' ಹಿಡಿಯಿರಿ. ಹೊಸ ಪ್ರೀತಿಯಲ್ಲಿ ಅವರು ನಿಜವಾಗಿ ಗೆದ್ದಿದ್ದು ಇದೊಂದರಲ್ಲೇ. ಅಮೆರಿಕದ ಅಧ್ಯಕ್ಷ ಕೆನಡಿ ಅವರ ಕೊಲೆ ತಪ್ಪಿಸಲು ಹಿಂದಿನ ಕಾಲಕ್ಕೆ ಹೋದ ಮೇಷ್ಟ್ರು, ಟೆಕ್ಸಾಸ್‌ನ ಸಣ್ಣ ಊರಲ್ಲಿ ಲೈಬ್ರರಿ ನೋಡಿಕೊಳ್ಳುವ ಸೇಡಿಗೆ ಮನಸ್ಸು ಕೊಟ್ಟು, ಬಂದ ಕೆಲಸಾನಾ, ಇವಳಾ ಅಂತ ಒದ್ದಾಡ್ತಾನೆ. ದಪ್ಪ ಪುಸ್ತಕ, ಆದರೆ ಓಡಿಸಿಕೊಂಡು ಹೋಗುತ್ತೆ.

ಲಿಸಿಯ ಕಥೆ 2021ರಲ್ಲಿ ಆ್ಯಪಲ್ ಟಿವಿಯಲ್ಲಿ ಸೀರೀಸ್ ಆಗಿಯೂ ಬಂದಿದೆ. ಚಿತ್ರಕಥೆ ಕಿಂಗ್ ಅವರದ್ದೇ, ಲಿಸಿಯಾಗಿ ಜೂಲಿಯನ್ ಮೂರ್. ಅವರ ನಟನೆ ಬಗ್ಗೆ ನನ್ನದೇನೂ ತಕರಾರಿಲ್ಲ. ಆದರೆ ಆ ಗುಟ್ಟಿನ ಮಾತುಗಳನ್ನು ಜೋರಾಗಿ ಕೇಳಿದಾಗ ನನಗೆ ಯಾಕೋ ಹಿಡಿಸಲಿಲ್ಲ. ಪುಸ್ತಕ ಮುಗಿಸಿ ಆಮೇಲೆ ನೋಡಿ.