ವಿಂಡೋ ಮುಚ್ಚಿದ್ದೆ, ಆದರೂ ಮೇಲ್ ಹೋಗಿದೆ!

ಪ್ರಶ್ನೆ: ಗಂಗಾವತಿಯ ರೈಸ್ ಮಿಲ್ ಒಂದರಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ. ಆಫೀಸಿನಲ್ಲಿ ಇರುವುದು ಒಂದೇ ಕಂಪ್ಯೂಟರ್, ಕೂರುವವರು ಮೂವರು. ಮೊನ್ನೆ ನನ್ನ ಜಿಮೇಲ್‌ನಿಂದ ಹುಬ್ಬಳ್ಳಿಯ ವ್ಯಾಪಾರಿಗೆ ಸೋನಾ ಮಸೂರಿಯ ಹಳೇ ದರಪಟ್ಟಿ ಹೋಗಿದೆ. ಕಳಿಸಿದ್ದು ನಾನಲ್ಲ. ಪಾಸ್‌ವರ್ಡ್ ಯಾರಿಗೂ ಹೇಳಿಲ್ಲ, ದಿನಾ ವಿಂಡೋ ಮುಚ್ಚಿಯೇ ಏಳುತ್ತೇನೆ. ಹ್ಯಾಕ್ ಆಗಿರಬಹುದಾ ಸರ್? ಮೇಲ್ ಜಾಗ ತುಂಬಿದೆ ಅಂತಲೂ ಬರುತ್ತಿದೆ.
– ಓದುಗರೊಬ್ಬರು, ಗಂಗಾವತಿ

ಉತ್ತರ: ವಿಂಡೋ ಮುಚ್ಚಿದರೆ ಲಾಗೌಟ್ ಆಗುವುದಿಲ್ಲ. ಎಡವಟ್ಟು ಆಗಿರುವುದು ಬಹುಶಃ ಇಲ್ಲೇ. ಲಾಗಿನ್ ಆದಾಗ ಬ್ರೌಸರ್ 'ಕುಕಿ' ಅನ್ನುವ ಸಣ್ಣ ಗುರುತೊಂದನ್ನು ಬರೆದಿಟ್ಟುಕೊಳ್ಳುತ್ತದೆ. ಕರೆಂಟ್ ಹೋಗಿ, ಯುಪಿಎಸ್ ಕೀ ಕೀ ಅಂತ ಕೂಗಿ ಸಿಸ್ಟಮ್ಮೇ ಬಂದ್ ಆದರೂ ಅದು ಅಳಿಯುವುದಿಲ್ಲ. ಮುಂದೆ ಯಾರು ಜಿಮೇಲ್ ತೆರೆದರೂ ನಿಮ್ಮ ಇನ್‌ಬಾಕ್ಸೇ ಬರುತ್ತದೆ. ಇದು ಯಾರ ಮೇಲ್ ಅಂತ ಹೇಳುವುದು ಬಲಗಡೆ ಮೇಲಿನ ಆ ದುಂಡನೆಯ ಗುರುತು. ಹೊರಗೆ ಲಾರಿ ಲೋಡಾಗುತ್ತಿರುವಾಗ ಅದನ್ನು ಯಾರು ನೋಡ್ತಾರೆ? ಜೊತೆಗಿರುವವರು ತಮ್ಮದೇ ಮೇಲ್ ಅಂದುಕೊಂಡು ಕಳಿಸಿರುವ ಸಾಧ್ಯತೆಯೇ ಜಾಸ್ತಿ. ಸುಮ್ನೆ ಜಗಳಕ್ಕೆ ಹೋಗಬೇಡಿ.

ಮೊದಲು ಸೆಂಟ್ ಫೋಲ್ಡರಿನಲ್ಲಿ ಆ ಮೇಲ್ ಹೋದ ಸಮಯ ನೋಡಿ. ಕಂಪ್ಯೂಟರಿನಲ್ಲಿ ಇನ್‌ಬಾಕ್ಸಿನ ಕೆಳಗೆ ಬಲಮೂಲೆಯಲ್ಲಿ 'ಡೀಟೇಲ್ಸ್' ಅಂತ ಚಿಕ್ಕದಾಗಿ ಇರುತ್ತದೆ. ಇತ್ತೀಚೆಗೆ ಎಲ್ಲಿಂದ, ಯಾವಾಗ ತೆರೆದಿದ್ದಾರೆ ಅಂತ ಅಲ್ಲಿ ಗೊತ್ತಾಗುತ್ತದೆ. ಗುರುತಿಲ್ಲದ ಊರು, ಗುರುತಿಲ್ಲದ ಸಾಧನ ಕಂಡರೆ ಆಗ ಹ್ಯಾಕ್ ಅಂತ ಅನುಮಾನ ಪಡಿ.

ಏನೇ ಇರಲಿ, ಪಾಸ್‌ವರ್ಡ್ ಬದಲಿಸಿ. ಆ ಕಂಪ್ಯೂಟರಿನಲ್ಲಿ ಬೇಡ, ನಿಮ್ಮ ಮೊಬೈಲಿನಲ್ಲಿ. ಎರಡು ಹಂತದ ಪರಿಶೀಲನೆಯನ್ನೂ, ಅಂದರೆ ಪಾಸ್‌ವರ್ಡ್ ಜೊತೆಗೆ ಇನ್ನೊಂದು ಕೋಡ್ ಕೇಳುವ ವ್ಯವಸ್ಥೆಯನ್ನೂ, ಹಾಕಿಕೊಳ್ಳಿ. ಆದರೆ ಕೋಡ್ ಕೇಳುವಾಗ 'ಈ ಸಾಧನದಲ್ಲಿ ಮತ್ತೆ ಕೇಳಬೇಡ' ಅನ್ನುವ ಟಿಕ್ ಇರುತ್ತದೆ, ಆಫೀಸಿನಲ್ಲಿ ಅದನ್ನು ತೆಗೆಯಿರಿ. ಕ್ರೋಮ್ ಪಾಸ್‌ವರ್ಡ್ ಸೇವ್ ಮಾಡಿಕೊಂಡಿದ್ದರೆ ಅದನ್ನೂ ಅಳಿಸಿ. ಅದು ಇರುವ ತನಕ ಲಾಗೌಟ್ ಆದರೂ ಉಪಯೋಗ ಅಷ್ಟಕ್ಕಷ್ಟೇ.

ನಿಮ್ಮ ಮಾಲೀಕರಿಗೆ ಹೇಳಿ ಮೂವರಿಗೂ ವಿಂಡೋಸಿನಲ್ಲಿ ಬೇರೆ ಬೇರೆ ಯೂಸರ್ ಮಾಡಿಸಿ. ಖರ್ಚಿಲ್ಲ, ಹತ್ತು ನಿಮಿಷದ ಕೆಲಸ. ಅದಾಗುವ ತನಕ ಕಂಟ್ರೋಲ್, ಶಿಫ್ಟ್, ಎನ್ ಒಟ್ಟಿಗೆ ಒತ್ತಿ ಕ್ರೋಮಿನ ಇನ್‌ಕಾಗ್ನಿಟೋ ವಿಂಡೋದಲ್ಲೇ ಮೇಲ್ ತೆರೆಯಿರಿ. ಇಲ್ಲಿ ಮಾತ್ರ ನಿಮ್ಮ ಅಭ್ಯಾಸ ಸರಿ: ಅಂಥ ವಿಂಡೋಗಳನ್ನೆಲ್ಲ ಮುಚ್ಚಿದರೆ, ಕರೆಂಟೇ ಹೋದರೂ, ಲಾಗಿನ್ ಉಳಿಯುವುದಿಲ್ಲ. ಡೌನ್‌ಲೋಡ್ ಮಾಡಿದ ಫೈಲ್ ಮಾತ್ರ ಅಲ್ಲೇ ಇರುತ್ತದೆ, ನೆನಪಿಟ್ಟು ಅಳಿಸಿ.

ನಾನೇ ಒಮ್ಮೆ ಬಳ್ಳಾರಿಯ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ಮೇಲ್ ಹಾಗೇ ಬಿಟ್ಟು ಹೊಸಪೇಟೆ ಬಸ್ ಹತ್ತಿದ್ದೆ. ನೆನಪಾಗಿದ್ದು ತೋರಣಗಲ್ಲು ದಾಟಿದ ಮೇಲೆ! ಮೊಬೈಲಿನಲ್ಲಿ ಗೂಗಲ್ ಖಾತೆ ತೆರೆದು, 'ಸೆಕ್ಯುರಿಟಿ'ಯಲ್ಲಿ 'ಯುವರ್ ಡಿವೈಸಸ್'ಗೆ ಹೋಗಿ ಬಸ್ಸಿನಲ್ಲೇ ಸೈನ್ ಔಟ್ ಮಾಡಿದೆ.

ಇನ್ನು ಜಾಗದ ವಿಷಯ. ಉಚಿತವಾಗಿ ಸಿಗುವ 15 ಜಿಬಿಯಲ್ಲಿ ಮೇಲ್, ಡ್ರೈವ್, ಫೋಟೋಸ್ ಮೂರೂ ಸೇರುತ್ತವೆ. ಆಫೀಸಿನ ಖಾತೆಯಲ್ಲಿ ಮನೆಯ ಫೋಟೋ ಸೇರಿಕೊಂಡಿವೆಯಾ ನೋಡಿ, ಹೆಚ್ಚಾಗಿ ಆಗುವುದು ಅದೇ. ಆಮೇಲೆ ಸರ್ಚ್ ಪೆಟ್ಟಿಗೆಯ ಆಯ್ಕೆಗಳಲ್ಲಿ ಸೈಜ್ 10 ಎಂಬಿಗಿಂತ ಜಾಸ್ತಿ ಅಂತ ಕೊಟ್ಟು ದೊಡ್ಡ ಮೇಲ್‌ಗಳನ್ನು ಹುಡುಕಿ. ಬೇಕಾದ ಬಿಲ್‌ಗಳನ್ನು ಇಳಿಸಿಕೊಂಡು ಉಳಿದದ್ದು ಅಳಿಸಿ. ಟ್ರ್ಯಾಶ್ ಕೂಡ ಖಾಲಿ ಮಾಡಿ, ಇಲ್ಲದಿದ್ದರೆ ಅಲ್ಲೇ 30 ದಿನ ಜಾಗ ಹಿಡಿದು ಕೂತಿರುತ್ತದೆ.

ಹುಬ್ಬಳ್ಳಿಯವರಿಗೆ ಇವತ್ತೇ ಫೋನ್ ಮಾಡಿ, ಹೊಸ ದರಪಟ್ಟಿ ಕಳಿಸಿ. ಅವರು ಹಳೇ ದರಕ್ಕೇ ಆರ್ಡರ್ ಹಾಕಿಬಿಟ್ಟರೆ ಕಷ್ಟ ಅಲ್ವಾ?